‘ಬಂದಳು’, ‘ಬಂದರು’, ‘ಬಂತು’: ಕೋಲಾರ ಸೀಮೆಯ ಸಂಕಥನದಲ್ಲಿ ಆಖ್ಯಾತ ಪ್ರತ್ಯಯದ ಆಯ್ಕೆ ಮತ್ತು ಶೈಲಿ

1. ಸಮಸ್ಯೆ

ಶೈಲಿಯೆಂದರೆ ಆಯ್ಕೆ ಎಂಬ ಮಾತು ಶೈಲಿಶಾಸ್ತ್ರದ ಪಠ್ಯಗಳಲ್ಲಿ ಎಷ್ಟು ಬಳಕೆಯಾಗಿದೆಯೆಂದರೆ, ಅದರೊಳಗೆ ಅಡಗಿರುವ ಪೂರ್ವಗ್ರಹಿಕೆಯೊಂದನ್ನು ನಾವು ಗಮನಿಸುವುದೇ ಇಲ್ಲ. ಆಯ್ಕೆಯಿರಬೇಕಾದರೆ ಪರ್ಯಾಯಗಳಿರಬೇಕು. ಪರ್ಯಾಯಗಳು ಎಲ್ಲಿವೆ, ಎಲ್ಲಿಲ್ಲ ಎಂಬುದನ್ನು ಗೊತ್ತುಪಡಿಸುವುದು ವ್ಯಾಕರಣ. ವ್ಯಾಕರಣವು ಕಡ್ಡಾಯಗೊಳಿಸಿದ ಕಡೆ ಶೈಲಿಗೆ ಅವಕಾಶವಿಲ್ಲ. ಅದು ಸಡಿಲ ಬಿಟ್ಟ ಕಡೆಯಲ್ಲೇ ಶೈಲಿ ಹುಟ್ಟುತ್ತದೆ. ಇಷ್ಟರವರೆಗೆ ತೊಡಕಿಲ್ಲ. ಆದರೆ ಆಡುವವರ ಬಾಯಲ್ಲಿ ಎರಡು ವ್ಯಾಕರಣಗಳಿದ್ದು, ಒಂದರಲ್ಲಿ ಕಡ್ಡಾಯವಾದದ್ದು ಇನ್ನೊಂದರಲ್ಲಿ ಐಚ್ಛಿಕವಾಗಿದ್ದರೆ, ಅವರ ವಾಕ್ಯದಲ್ಲಿ ಕಾಣುವ ರೂಪವನ್ನು ಆಯ್ಕೆಯೆನ್ನಬೇಕೋ ಅನಿವಾರ್ಯವೆನ್ನಬೇಕೋ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಿವಿಗೊಟ್ಟು ಕೇಳುವವರಿಗೆ ಇದು ದಿನನಿತ್ಯ ಎದುರಾಗುವ ಪ್ರಶ್ನೆ.

ಒಂದು ಸನ್ನಿವೇಶವನ್ನು ಭಾವಿಸಿಕೊಳ್ಳೋಣ. ಆಂಧ್ರದ ಗಡಿಗೆ ಹತ್ತಿರವಿರುವ ಮುಳಬಾಗಿಲು ತಾಲ್ಲೂಕಿನ ಊರೊಂದರ ಶಾಲೆ. ಮನೆಯಲ್ಲಿ ತೆಲುಗಾಡುವ ಹುಡುಗನೊಬ್ಬ ತರಗತಿಯ ಬಾಗಿಲಿನಿಂದ ಇಣುಕಿ ನೋಡಿ, ಒಳಗಿರುವವರಿಗೆ ಕೂಗಿ ಹೇಳುತ್ತಾನೆ:

(1) ಮೇಡಮ್ ಬಂತು!

ಮೈಸೂರು ಕಡೆಯಿಂದ ವರ್ಗವಾಗಿ ಬಂದಿರುವ ಶಿಕ್ಷಕಿಯ ಕಿವಿಗೆ ಇದು ಉದ್ಧಟತನ. ತನ್ನನ್ನು ಹುಡುಗ ‘ಬಂದರು’ ಎನ್ನಲಿಲ್ಲ, ‘ಬಂದಳು’ ಎಂದೂ ಅನ್ನಲಿಲ್ಲ. ಬಸ್ಸು ಬಂತು, ಮಳೆ ಬಂತು ಎನ್ನುವಂತೆ ‘ಬಂತು’ ಎಂದ. ಹುಡುಗನ ಮಟ್ಟಿಗಾದರೋ ಅದು ಸುದ್ದಿಯನ್ನು ಮುಟ್ಟಿಸುವ ವಾಕ್ಯ, ಅಷ್ಟೆ. ಇಬ್ಬರಲ್ಲಿ ಯಾರ ಗ್ರಹಿಕೆ ಸರಿಯೆಂದು ತೀರ್ಮಾನಿಸುವುದಕ್ಕೆ ಮೊದಲು ಎರಡು ಭಾಷೆಗಳ ಲಿಂಗವ್ಯವಸ್ಥೆಯನ್ನೂ ಗೌರವವ್ಯವಸ್ಥೆಯನ್ನೂ ಬೇರೆಬೇರೆಯಾಗಿ ಬಿಡಿಸಿ ನೋಡಬೇಕಾಗುತ್ತದೆ. ಈ ಲೇಖನದಲ್ಲಿ ಬರುವ ಆಡುಮಾತಿನ ಉದಾಹರಣೆಗಳೆಲ್ಲ ವಿವರಣೆಗಾಗಿ ಕಟ್ಟಿದವು; ಯಾವುದೇ ಕ್ಷೇತ್ರಕಾರ್ಯದ ದತ್ತಾಂಶವೆಂದು ಅವನ್ನು ತಿಳಿಯಬಾರದು.

2. ಕನ್ನಡದ ಏಣಿ ಮತ್ತು ಏಣಿಯ ಆಚೆ

ಕನ್ನಡದ ಲಿಂಗವಿವಕ್ಷೆ ಅರ್ಥವನ್ನು ಅನುಸರಿಸುತ್ತದೆ. ಶಬ್ದದ ರೂಪಕ್ಕೆ ಅದರಲ್ಲಿ ಪಾತ್ರವಿಲ್ಲ. ಮನುಷ್ಯರಲ್ಲಿ ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕವೆಂಬ ಈ ಮೂಲಭೂತ ವಿಭಾಗವನ್ನು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೇ ಕಾಣುತ್ತೇವೆ. ಪ್ರಥಮಪುರುಷ ಏಕವಚನದ ಕ್ರಿಯಾಪದ ಈ ಮೂರನ್ನೂ ಗುರುತಿಸುತ್ತದೆ: ಬಂದನು, ಬಂದಳು, ಬಂದಿತು (ಆಡುಮಾತಿನ ‘ಬಂತು’). ಗೌರವವು ಬಹುವಚನದ ಮೂಲಕ ಬರುತ್ತದೆ: ಬಂದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಗೌರವ ಬಂದೊಡನೆ ಲಿಂಗ ಅಳಿಸಿಹೋಗುತ್ತದೆ. ‘ಅವರು ಬಂದರು’ ಎಂದಾಗ ಬಂದವರು ಗಂಡೋ ಹೆಣ್ಣೋ ಎಂಬುದು ಕ್ರಿಯಾಪದದಿಂದ ತಿಳಿಯದು.

ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಯೂರೋಪಿನ ಭಾಷೆಗಳ ಮಧ್ಯಮಪುರುಷ ಸರ್ವನಾಮಗಳನ್ನು ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಕ್ಷಗಳ ಮೇಲೆ ವಿವರಿಸಿದರು. ಕನ್ನಡದ ‘ನೀನು’, ‘ನೀವು’ಗಳಿಗೆ ಆ ಚೌಕಟ್ಟು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಕನ್ನಡದಲ್ಲಿ, ಎದುರಿಗಿಲ್ಲದ ವ್ಯಕ್ತಿಯನ್ನು ಕುರಿತು ಮಾತನಾಡುವಾಗಲೂ ಪ್ರತಿಯೊಂದು ಪೂರ್ಣಕ್ರಿಯಾಪದದಲ್ಲಿಯೂ ಆ ನಿರ್ಧಾರವನ್ನು ಮತ್ತೆ ಮತ್ತೆ ಕೈಗೊಳ್ಳಬೇಕಾಗುತ್ತದೆ. ಒಬ್ಬರ ಬಗ್ಗೆ ಹತ್ತು ವಾಕ್ಯ ಹೇಳಿದರೆ ಹತ್ತು ಬಾರಿ ಅವರ ಸ್ಥಾನವನ್ನು ನಿಗದಿಪಡಿಸಿದಂತೆ. ಹೀಗೆ ಪುನರಾವರ್ತನೆಗೊಳ್ಳುವುದರಿಂದಲೇ ಕೇಳುಗರಲ್ಲಿ ಒಂದು ನಿರೀಕ್ಷೆ ನೆಲೆಗೊಳ್ಳುತ್ತದೆ. ನಿರೀಕ್ಷೆ ನೆಲೆಗೊಂಡ ಮೇಲೆ ಅದನ್ನು ಮುರಿಯುವ ಸಾಧ್ಯತೆಯೂ ಹುಟ್ಟುತ್ತದೆ. ಈ ಕಥನವನ್ನು ನೋಡಿ:

(2) ಸೊಸೆ ಬೆಳಿಗ್ಗೇನೇ ಬಂದ್ಳು. ಬ್ಯಾಗು ಇಟ್ಳು, ಮಗೂನ ಎತ್ಕೊಂಡ್ಳು. ನಾನು ಕಾಫಿ ಕೊಟ್ಟೆ. ಕುಡೀತು, ಒಂದು ಮಾತಿಲ್ಲ, ಎದ್ದು ಒಳಕ್ಕೋಯ್ತು. ಸಾಯಂಕಾಲ ಇವ್ನು ಬಂದ್ಮೇಲೆ ಮಹಾರಾಣಿಯೋರು ಆಚೆಗೆ ಬಂದ್ರು, ನಗ್ತಾ ನಗ್ತಾ ಮಾತಾಡಿದ್ರು.

ಇಲ್ಲಿ ಒಬ್ಬಳೇ ಸೊಸೆಗೆ ಮೂರು ಪ್ರತ್ಯಯಗಳು ಬಂದಿವೆ. ಮೊದಲ ಮೂರು ಕ್ರಿಯಾಪದಗಳ ‘-ಳು’ ಅತ್ತೆಯ ಮಾತಿನಲ್ಲಿ ಸಹಜವಾಗಿ ನಿರೀಕ್ಷಿತವಾದುದು. ಅದು ಹಿನ್ನೆಲೆಯನ್ನು ಹಾಸುತ್ತದೆ. ‘ಕುಡೀತು’ ಎಂಬಲ್ಲಿ ಹಿನ್ನೆಲೆ ಒಡೆಯುತ್ತದೆ. ಕಡೆಯಲ್ಲಿ ‘ಬಂದ್ರು’ ಎಂಬ ಗೌರವರೂಪ ಬಂದಾಗ ಅದನ್ನು ಗೌರವವೆಂದು ಯಾರೂ ತಿಳಿಯುವುದಿಲ್ಲ. ‘ಮಹಾರಾಣಿ’ ಎಂಬ ನಾಮಪದದ ನೆರವಿಲ್ಲದಿದ್ದರೂ ಅದು ವ್ಯಂಗ್ಯವೇ ಆಗುತ್ತಿತ್ತು. ಏಕೆಂದರೆ ಕೇಳುಗರು ಪ್ರತ್ಯಯವನ್ನು ಒಂಟಿಯಾಗಿ ಅಳೆಯುವುದಿಲ್ಲ, ಹಿಂದಿನ ವಾಕ್ಯದಿಂದ ಅದು ಎಷ್ಟು ದೂರ ಜಿಗಿದಿದೆಯೆಂದು ಅಳೆಯುತ್ತಾರೆ. ಆರಂಭದಿಂದಲೇ ‘ಸೊಸೆ ಬಂದ್ರು, ಬ್ಯಾಗು ಇಟ್ರು’ ಎಂದು ಹೇಳುವ ಅತ್ತೆಯೊಬ್ಬಳ ಬಾಯಲ್ಲಿ ಅದೇ ‘ಬಂದ್ರು’ ನಿರ್ವಿಕಾರವಾಗಿರುತ್ತಿತ್ತು.

ಈಗ ನಪುಂಸಕದ ಪ್ರಶ್ನೆ. (2)ರ ‘ಕುಡೀತು’ ತಿರಸ್ಕಾರವನ್ನು ಸೂಚಿಸುತ್ತದೆಂದು ಒಪ್ಪೋಣ. ಹಾಗಾದರೆ ನಪುಂಸಕವು ಗೌರವದ ಏಣಿಯ ಕೆಳಗಿನ ಮೆಟ್ಟಿಲೇ? ‘ಬಂದರು’ ಮೇಲೆ, ‘ಬಂದಳು’ ನಡುವೆ, ‘ಬಂತು’ ಕೆಳಗೆ ಎಂದು ಅನೇಕ ವಿವರಣೆಗಳು ಸೂಚಿಸುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬೆಳೆದ ಮಗಳ ಬಗ್ಗೆ ತಾಯಿ ಹೀಗೆ ಹೇಳಬಹುದು:

(3) ಮೂರು ದಿವ್ಸದಿಂದ ಜ್ವರ. ನಿನ್ನೆ ಆಸ್ಪತ್ರೆಗೆ ಕರ್ಕೊಂಡೋದ್ವಿ. ಪಾಪ, ಅಳ್ಲೂ ಇಲ್ಲ, ಸುಮ್ನೆ ಸೂಜಿ ಹಾಕಿಸ್ಕೊಂತು.

ಇಲ್ಲಿ ತಿರಸ್ಕಾರದ ಸುಳಿವೂ ಇಲ್ಲ. ಮಗಳು ಒಂದು ಕ್ಷಣ ಮತ್ತೆ ಕೂಸಾದಳು, ಅಷ್ಟೆ. ಕೂಸಿಗೆ ಕನ್ನಡ ನಪುಂಸಕವನ್ನೇ ಬಳಸುತ್ತದೆ. ದೇವರ ವಿಚಾರ ಇನ್ನೂ ಕುತೂಹಲಕರ. ಉತ್ಸವಮೂರ್ತಿಯನ್ನು ಹೊರಡಿಸಿದಾಗ ‘ದೇವರು ಹೊರಟಿತು’ ಎನ್ನುತ್ತಾರೆ; ಆವೇಶ ಬಂದಾಗ ‘ಮೈಮೇಲೆ ದೇವರು ಬಂತು’ ಎನ್ನುತ್ತಾರೆ. ಸಿಡುಬು, ದಡಾರಗಳನ್ನು ಗ್ರಾಮದೇವತೆಯ ಆಗಮನವೆಂದೇ ತಿಳಿದ ನಮ್ಮ ಹಳ್ಳಿಗಳಲ್ಲಿ ‘ಅಮ್ಮ ಬಂದಿದೆ’ ಎಂದರೆ ಒಂದರ್ಥ, ‘ಅಮ್ಮ ಬಂದಿದ್ದಾಳೆ’ ಎಂದರೆ ಬೇರೆಯೇ ಅರ್ಥ. ಎರಡನ್ನೂ ಬೇರ್ಪಡಿಸುತ್ತಿರುವುದು ಪ್ರತ್ಯಯವೊಂದೇ. ಕೂಸು, ದೇವರು, ಹೆಣ, ತಿರಸ್ಕೃತಳಾದ ಸೊಸೆ: ಇವರೆಲ್ಲರಿಗೂ ಸಮಾನವಾದದ್ದು ಕೀಳುತನವಲ್ಲ. ಮನುಷ್ಯರ ನಡುವೆ ಲೆಕ್ಕ ಹಾಕುವ ಗೌರವದ ಏಣಿಯ ಮೇಲೆ ಇವರ್ಯಾರೂ ಇಲ್ಲ ಎಂಬುದು ಇವರನ್ನು ಒಟ್ಟುಗೂಡಿಸುವ ಲಕ್ಷಣ. ನಪುಂಸಕ ಪ್ರತ್ಯಯ ವ್ಯಕ್ತಿಯನ್ನು ಏಣಿಯಿಂದ ಆಚೆಗಿಡುತ್ತದೆ. ಆಚೆಗಿಟ್ಟದ್ದು ಮಮತೆಯಾಗುವುದೋ ಭಕ್ತಿಯಾಗುವುದೋ ಅವಮಾನವಾಗುವುದೋ ಎಂಬುದನ್ನು ಸಂಕಥನವೇ ನಿರ್ಧರಿಸುತ್ತದೆ.

3. ಕುಂತಕನ ಲಿಂಗವಕ್ರತೆ

ಪ್ರತ್ಯಯದ ಮಟ್ಟದಲ್ಲಿ ಶೈಲಿಯನ್ನು ಹುಡುಕುವುದು ಹೊಸ ವಿಚಾರವೇನಲ್ಲ. 9ನೆಯ ಶತಮಾನದ ಆನಂದವರ್ಧನ ವಿಭಕ್ತಿ, ಕ್ರಿಯಾಪ್ರತ್ಯಯ, ವಚನ, ಕಾರಕ ಮುಂತಾದವುಗಳಿಂದಲೂ ಧ್ವನಿ ಹೊಮ್ಮಬಲ್ಲುದೆಂದು ತೋರಿಸಿದ. ಸುಮಾರು ಒಂದು ಶತಮಾನದ ಅನಂತರ ಬಂದ ಕುಂತಕ ‘ವಕ್ರೋಕ್ತಿಜೀವಿತ’ದಲ್ಲಿ ವರ್ಣವಿನ್ಯಾಸದಿಂದ ಪ್ರಬಂಧದವರೆಗೆ ವಕ್ರತೆಯ ಮೆಟ್ಟಿಲುಗಳನ್ನು ಗುರುತಿಸುವಾಗ ಲಿಂಗ, ಸಂಖ್ಯೆ, ಪುರುಷ, ಕಾಲ, ಕಾರಕಗಳ ವಕ್ರತೆಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟ. ಸಮಕಾಲೀನ ಶೈಲಿಶಾಸ್ತ್ರವನ್ನು ಪಾಠ ಹೇಳುವ ನಾವು 1960ರ ಯಾಕೊಬ್ಸನ್ ಪ್ರಬಂಧದಿಂದ ಆರಂಭಿಸಿ ಹ್ಯಾಲಿಡೆಯವರ ಕಡೆಗೆ ನಡೆಯುವುದು ರೂಢಿಯಾಗಿದೆ. ಕುಂತಕನನ್ನು ಕಾವ್ಯಮೀಮಾಂಸೆಯ ಪತ್ರಿಕೆಗೆ ಬಿಟ್ಟುಕೊಡುತ್ತೇವೆ. ಈ ವಿಂಗಡಣೆಯಿಂದ ನಷ್ಟವಾಗಿರುವುದು ಭಾಷಾವಿಜ್ಞಾನಕ್ಕೇ.

ಆದರೂ ಕುಂತಕನ ಲಿಂಗವಕ್ರತೆಯನ್ನು ಕನ್ನಡಕ್ಕೆ ನೇರವಾಗಿ ಹೊಂದಿಸಲಾಗದು. ಸಂಸ್ಕೃತದಲ್ಲಿ ಲಿಂಗ ಶಬ್ದದ ಗುಣ. ದಡವೆಂಬರ್ಥದ ‘ತಟ’ ಶಬ್ದ ಮೂರು ಲಿಂಗಗಳಲ್ಲಿಯೂ ಪ್ರಯೋಗಗೊಳ್ಳುತ್ತದೆ, ಕವಿ ಅವುಗಳಲ್ಲಿ ಸ್ತ್ರೀಲಿಂಗದ ‘ತಟೀ’ಯನ್ನು ಆರಿಸಿಕೊಂಡರೆ ದಡಕ್ಕೆ ಒಂದು ಸೌಕುಮಾರ್ಯ ಬರುತ್ತದೆ, ದಡ ಮಾತ್ರ ದಡವಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಲಿಂಗವು ವಸ್ತುವಿನ ಕುರಿತ ಹೇಳಿಕೆ. ಆದ್ದರಿಂದ ಹೆಂಗಸೊಬ್ಬಳಿಗೆ ನಪುಂಸಕ ಪ್ರತ್ಯಯ ಹಚ್ಚಿದಾಗ ಶಬ್ದಕ್ಕೆ ಬಣ್ಣ ಬಂದಂತಾಗುವುದಿಲ್ಲ, ಆಕೆಯ ವರ್ಗವೇ ಬದಲಾದಂತಾಗುತ್ತದೆ. ಪರಿಣಾಮದ ತೀಕ್ಷ್ಣತೆಗೆ ಇದೇ ಕಾರಣ. (1)ರಲ್ಲಿ ಶಿಕ್ಷಕಿಗೆ ನೋವಾದದ್ದೂ ಇದರಿಂದಲೇ.

ಕುಂತಕನ ಪುರುಷವಕ್ರತೆಗೆ ಈ ಸೀಮೆಯಿಂದಲೇ ಪ್ರಸಿದ್ಧ ನಿದರ್ಶನವೊಂದಿದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943) ಪದ್ಯದ ಕಡೆಯಲ್ಲಿ ಮಂಕುತಿಮ್ಮನನ್ನು ಸಂಬೋಧಿಸುತ್ತದೆ. ‘ನಾನು’ ಎನ್ನಬೇಕಾದ ಕಡೆ ಏಕವಚನದ ಆಪ್ತ ಸಂಬೋಧನೆಯಿಟ್ಟು, ಉಪದೇಶದ ಭಾರವನ್ನು ಕವಿ ಓದುಗರ ತಲೆಯಿಂದ ಇಳಿಸಿ ತಾವೇ ಕಟ್ಟಿದ ಪಾತ್ರವೊಂದರ ಮೇಲೆ ಹೊರಿಸುತ್ತಾರೆ. ಆದರೆ ಇದು ಏಕಭಾಷಿಕ ವ್ಯಾಕರಣದೊಳಗಿನ ಆಯ್ಕೆ. ನಮ್ಮ ಸಮಸ್ಯೆ ತೆಲುಗಿನತ್ತ ತಿರುಗಿದ ಮೇಲೆಯೇ ಆರಂಭವಾಗುತ್ತದೆ.

4. ತೆಲುಗಿನ ಮಹತಿ

ತೆಲುಗಿನ ಪ್ರಥಮಪುರುಷ ಏಕವಚನ ಕ್ರಿಯಾಪದ ಎರಡೇ ವರ್ಗಗಳನ್ನು ಬಲ್ಲದು. ಪುರುಷನಿಗೆ ‘ವಚ್ಚಾಡು’, ಉಳಿದೆಲ್ಲಕ್ಕೂ ‘ವಚ್ಚಿಂದಿ’. ಹೆಂಗಸು ಬಂದರೂ ಎಮ್ಮೆ ಬಂದರೂ ಬಸ್ಸು ಬಂದರೂ ‘ವಚ್ಚಿಂದಿ’. ಬಹುವಚನದಲ್ಲಿ ಗೆರೆ ಬೇರೆ ಕಡೆ ಬೀಳುತ್ತದೆ: ಮನುಷ್ಯರೆಲ್ಲರಿಗೂ ‘ವಚ್ಚಾರು’, ಮನುಷ್ಯೇತರಕ್ಕೆ ‘ವಚ್ಚಾಯಿ’. ಅಂದರೆ ಹೆಂಗಸು ಏಕವಚನದಲ್ಲಿ ವಸ್ತುಗಳ ಜೊತೆಗೂ ಬಹುವಚನದಲ್ಲಿ ಗಂಡಸರ ಜೊತೆಗೂ ಸೇರುತ್ತಾಳೆ. ತೆಲುಗಿನ ಸಾಂಪ್ರದಾಯಿಕ ವೈಯಾಕರಣರು ಇದನ್ನು ಗುರುತಿಸಿ, ‘ಮಹತ್’, ‘ಅಮಹತ್’ ಎಂಬ ವರ್ಗಗಳ ಜೊತೆಗೆ ಸ್ತ್ರೀವಾಚಕಗಳಿಗೆ ‘ಮಹತಿ’ ಎಂಬ ಹೆಸರಿಟ್ಟರು. 19ನೆಯ ಶತಮಾನದ ಚಿನ್ನಯಸೂರಿಯ ‘ಬಾಲವ್ಯಾಕರಣ’ದ ಮೂಲಕ ಈ ಪರಿಭಾಷೆ ಶಾಲೆಗಳವರೆಗೆ ಹರಡಿತು.

‘ಅಮ್ಮ ವಚ್ಚಿಂದಿ’ ಎಂಬ ತೆಲುಗು ವಾಕ್ಯದಲ್ಲಿ ಆದ್ದರಿಂದ ಯಾವ ವಕ್ರತೆಯೂ ಇಲ್ಲ. ಅಮ್ಮ ಬಂದಳು, ಅಷ್ಟೆ. ಭಾಷೆಗಳ ನಡುವಿನ ವ್ಯತ್ಯಾಸ ಅವು ಏನನ್ನು ಹೇಳಬಲ್ಲವು ಎಂಬುದಕ್ಕಿಂತ ಏನನ್ನು ಹೇಳದೆ ಬಿಡಲಾರವು ಎಂಬುದರಲ್ಲಿದೆ ಎಂದು ಯಾಕೊಬ್ಸನ್ 1959ರ ಅನುವಾದಕುರಿತ ಪ್ರಬಂಧದಲ್ಲಿ ವಾದಿಸಿದ್ದರು. ಕನ್ನಡ ಏಕವಚನದಲ್ಲಿ ಹೆಣ್ಣನ್ನು ವಸ್ತುವಿನಿಂದ ಬೇರ್ಪಡಿಸಿ ಹೇಳದೆ ಬಿಡಲಾರದು. ತೆಲುಗಿನ ಕ್ರಿಯಾಪದಕ್ಕೆ ಆ ಹೊಣೆಯೇ ಇಲ್ಲ.

ಕನ್ನಡದೊಳಗೇ ಇಂಥ ವ್ಯವಸ್ಥೆ ಇದೆಯೆಂಬುದನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡ, ಕಾಸರಗೋಡುಗಳ ಹವ್ಯಕ ಕನ್ನಡದಲ್ಲಿ ಸ್ತ್ರೀಯರನ್ನು ಕುರಿತ ಏಕವಚನ ಕ್ರಿಯಾಪದ ನಪುಂಸಕ ರೂಪದಲ್ಲಿಯೇ ಇರುತ್ತದೆ. ಅಲ್ಲಿ ಅದು ವ್ಯಾಕರಣ. ಅದೇ ರೂಪ ಮೈಸೂರಿನ ಕಿವಿಗೆ ಶೈಲಿ. ಹವ್ಯಕರ ಮಾತನ್ನು ಕೇಳಿ ‘ಹೆಂಗಸರಿಗೆ ಮರ್ಯಾದೆಯಿಲ್ಲದ ಭಾಷೆ’ ಎಂದು ಬೆರಗಾಗುವವರನ್ನು ನಾವೆಲ್ಲ ಕಂಡಿದ್ದೇವೆ. ಅವರು ಮಾಡುವ ತಪ್ಪು ಒಂದು ವ್ಯಾಕರಣದ ರೂಪವನ್ನು ಇನ್ನೊಂದು ವ್ಯಾಕರಣದ ಶೈಲಿಯಾಗಿ ಓದುವುದು. ಇತಿಹಾಸದ ದೃಷ್ಟಿಯಿಂದಲೂ ಈ ಬೆರಗಿಗೆ ಆಧಾರವಿಲ್ಲ. ಭದ್ರಿರಾಜು ಕೃಷ್ಣಮೂರ್ತಿಯವರ ಪುನಾರಚನೆಯ ಪ್ರಕಾರ ಏಕವಚನದಲ್ಲಿ ಪುರುಷ ಮತ್ತು ಪುರುಷೇತರ ಎಂಬ ಇಬ್ಬಗೆಯೇ ಮೂಲದ್ರಾವಿಡಕ್ಕೆ ಸೇರಿದುದು. ‘ಅವಳು’ ಎಂಬ ಪ್ರತ್ಯೇಕ ಸ್ತ್ರೀಲಿಂಗ ರೂಪ ತಮಿಳು, ಕನ್ನಡ ಮುಂತಾದವುಗಳ ಶಾಖೆಯಲ್ಲಿ ಆಮೇಲೆ ಹುಟ್ಟಿಕೊಂಡದ್ದು.

ತೆಲುಗಿನಲ್ಲಿ ಸ್ತ್ರೀಯರ ವಿಷಯಕ್ಕೆ ಶೈಲಿಯ ಆಯ್ಕೆಯೇ ಇಲ್ಲವೆಂದು ಇದರರ್ಥವಲ್ಲ. ಅದು ಬೇರೆ ಕಡೆ ಇದೆ: ಸರ್ವನಾಮದಲ್ಲಿ. ‘ಅದಿ’, ‘ಆಮೆ’, ‘ಆವಿಡ’ ಎಂದು ಮೇಲಕ್ಕೇರುವ ಸರ್ವನಾಮಗಳ ಸಾಲಿದೆ. ಇವುಗಳಲ್ಲಿ ‘ಅದಿ’ ವಸ್ತುಗಳಿಗೂ ಸಲ್ಲುವ ಸರ್ವನಾಮ. ಹೆಂಗಸಿಗೆ ಹಚ್ಚಿದಾಗ ಸಲಿಗೆಯನ್ನೋ ಹಗುರ ಭಾವವನ್ನೋ ತರುತ್ತದೆ. ‘ಆಮೆ ವಚ್ಚಿಂದಿ’, ‘ಅದಿ ವಚ್ಚಿಂದಿ’ ಎಂಬ ವಾಕ್ಯಗಳಲ್ಲಿ ಕ್ರಿಯಾಪದ ಒಂದೇ, ಸರ್ವನಾಮ ಮಾತ್ರ ಬೇರೆ. ಗೌರವ ಬೇಕಾದಾಗ ಕನ್ನಡದಂತೆಯೇ ಬಹುವಚನ ರೂಪ: ‘ವಚ್ಚಾರು’. (ಇಲ್ಲಿ ಕೊಟ್ಟಿರುವುದು ಬರಹದ ತೆಲುಗಿಗೆ ಹತ್ತಿರವಾದ ರೂಪಗಳನ್ನು. ಕೋಲಾರ ಸೀಮೆಯ ಆಡುತೆಲುಗಿನ ಉಚ್ಚಾರ ಬೇರೆಯಾದರೂ ವಾದಕ್ಕೆ ಅದರಿಂದ ಬಾಧೆಯಿಲ್ಲ.)

ಹೀಗೆ ನೋಡಿದರೆ ಎರಡು ಭಾಷೆಗಳು ಶೈಲಿಯ ಅವಕಾಶವನ್ನು ಬೇರೆಬೇರೆ ಜಾಗಗಳಲ್ಲಿ ಇಟ್ಟುಕೊಂಡಿವೆ. ತೆಲುಗಿನಲ್ಲಿ ಸರ್ವನಾಮ ಸಡಿಲ, ಏಕವಚನದ ಕ್ರಿಯಾಪದ ಬಿಗಿ. ಕನ್ನಡದಲ್ಲಿ ಸರ್ವನಾಮವೂ ಕ್ರಿಯಾಪದವೂ ಒಟ್ಟಿಗೇ ಚಲಿಸುತ್ತವೆ: ‘ಅವಳು ಬಂದಳು’ ಅಥವಾ ‘ಅದು ಬಂತು’.

5. ಒಂದೇ ಬಾಯಿ, ಎರಡು ಲೆಕ್ಕ

(1)ಕ್ಕೆ ಮರಳೋಣ. ಮನೆಯಲ್ಲಿ ತೆಲುಗಾಡುವ ಹುಡುಗ ‘ಮೇಡಮ್ ವಚ್ಚಿಂದಿ’ ಎಂಬುದರ ಅಚ್ಚಿನಲ್ಲಿ ‘ಮೇಡಮ್ ಬಂತು’ ಎಂದಿದ್ದರೆ, ಅವನು ಬಿಟ್ಟದ್ದು ಒಂದನ್ನು ಮಾತ್ರ: ಬಹುವಚನದ ಗೌರವವನ್ನು. ತೆಲುಗಿನಲ್ಲಿಯೂ ಶಿಕ್ಷಕಿಗೆ ‘ವಚ್ಚಾರು’ ಎಂಬುದೇ ಮರ್ಯಾದೆಯ ರೂಪ. ಅವನ ವಾಕ್ಯ ಕನ್ನಡದ ‘ಮೇಡಮ್ ಬಂದ್ಳು’ ಎಂಬುದಕ್ಕೆ ಸಮ. ಹುಡುಗನಿಗೆ ತಿದ್ದುಪಡಿ ಬೇಕಿದ್ದರೆ ಅದು ಅಷ್ಟಕ್ಕೆ. ಶಿಕ್ಷಕಿ ಕೇಳಿಸಿಕೊಂಡದ್ದಾದರೋ ಎರಡು ನಷ್ಟಗಳನ್ನು: ಗೌರವ ಹೋಯಿತು, ಅದರ ಜೊತೆಗೆ ಮನುಷ್ಯಳೆಂಬ ಗಣನೆಯೂ ಹೋಯಿತು. ಒಂದು ಮೆಟ್ಟಿಲಿನ ತಪ್ಪು ಕಿವಿಗೆ ಬೀಳುವಷ್ಟರಲ್ಲಿ ಏಣಿಯಿಂದಲೇ ಆಚೆಗಿಟ್ಟ ಅಪರಾಧವಾಯಿತು. ಹುಡುಗನಿಗೆ ಶಿಕ್ಷೆಯಾದರೆ, ಯಾವ ಭಾಗಕ್ಕಾಗಿ ಶಿಕ್ಷೆಯಾಯಿತೆಂಬುದೇ ಅವನಿಗೆ ಅರ್ಥವಾಗುವುದಿಲ್ಲ.

ಇಂಥ ವಾಕ್ಯವೊಂದು ಎದುರಾದಾಗ ಅದು ವ್ಯಾಕರಣದ ಸಂಕ್ರಮಣವೋ ಶೈಲಿಯ ಆಯ್ಕೆಯೋ ಎಂದು ತಿಳಿಯುವುದು ಹೇಗೆ? ಮೇಲಿನ ಹೋಲಿಕೆಯೇ ಒಂದು ಒರೆಗಲ್ಲನ್ನು ಕೊಡುತ್ತದೆ:

(4) ಅವ್ಳು ಬಂತು.
(5) ಅದು ಬಂತು.

(4)ರಲ್ಲಿ ಸರ್ವನಾಮ ಸ್ತ್ರೀಲಿಂಗ, ಕ್ರಿಯಾಪದ ನಪುಂಸಕ. ಮೈಸೂರು ಕನ್ನಡದ ಒಳಗೆ ಈ ಜೋಡಣೆಗೆ ನೆಲೆಯಿಲ್ಲ. ತೆಲುಗಿನ ‘ಆಮೆ ವಚ್ಚಿಂದಿ’ಯ ಅನ್ವಯವನ್ನು ಅದು ಯಥಾವತ್ತಾಗಿ ಇಳಿಸಿಕೊಂಡಿದೆ. ಶಬ್ದಗಳು ಕನ್ನಡದವು, ಅನ್ವಯ ತೆಲುಗಿನದು. ಹೀಗೆ ಹೇಳುವವರ ‘ಬಂತು’ವಿನಲ್ಲಿ ತಿರಸ್ಕಾರವನ್ನೋ ಮಮತೆಯನ್ನೋ ಹುಡುಕುವುದು ವ್ಯರ್ಥ. (5)ರಲ್ಲಿ ಸರ್ವನಾಮವೂ ನಪುಂಸಕ. ಅದು ಕನ್ನಡದ ಲೆಕ್ಕದಲ್ಲಿಯೂ ತೆಲುಗಿನ ‘ಅದಿ’ಯ ಲೆಕ್ಕದಲ್ಲಿಯೂ ಆಯ್ಕೆಯೇ. ಶೈಲಿಯ ವಿಶ್ಲೇಷಣೆಗೆ ಅರ್ಹವಾದದ್ದು (5).

ಮಾಲೂರಿನ ಕಡೆ, ತಮಿಳುನಾಡಿನ ಹೊಸೂರಿಗೆ ಸಮೀಪದ ಊರುಗಳಲ್ಲಿ, ಹಾಗೆಯೇ ಗಣಿಯ ಕಾಲದಿಂದ ತಮಿಳರು ನೆಲೆಸಿರುವ ಕೆ.ಜಿ.ಎಫ್.ನಲ್ಲಿ ಪರಿಸ್ಥಿತಿ ಬೇರೆ. ತಮಿಳಿನ ಏಕವಚನ ಕ್ರಿಯಾಪದ ಕನ್ನಡದಂತೆಯೇ ಮೂರು ಲಿಂಗಗಳನ್ನು ಗುರುತಿಸುತ್ತದೆ. ತಮಿಳು ಮನೆಮಾತಿನವರಿಗೆ ಕನ್ನಡದ ‘ಬಂದಳು’, ‘ಬಂತು’ಗಳ ನಡುವಿನ ಗೆರೆ ಹೊಸದಾಗಿ ಕಲಿಯಬೇಕಾದದ್ದಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು; ಅವರ ಕನ್ನಡ ಗದ್ಯದ ಸಮತೋಲವನ್ನು ಮೆಚ್ಚುವಾಗ, ಈ ಒಂದು ವಿಷಯದಲ್ಲಿ ಎರಡು ಭಾಷೆಗಳೂ ಅವರಿಗೆ ಒಂದೇ ನಕ್ಷೆಯನ್ನು ಕೊಟ್ಟಿದ್ದವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಂದೇ ಜಿಲ್ಲೆಯ ಇಬ್ಬರು ದ್ವಿಭಾಷಿಕರ ‘ಬಂತು’ವನ್ನು ಹೀಗೆ ಎರಡು ಬಗೆಯಾಗಿ ಓದಬೇಕಾಗುತ್ತದೆ. ‘ಕೋಲಾರದ ಕನ್ನಡ’ ಎಂದು ಏಕವಾಗಿ ಮಾತನಾಡುವ ಉಪಭಾಷಾ ವಿವರಣೆಗಳು ಇಲ್ಲಿ ಸಾಲವು.

ಸಂಪರ್ಕದಿಂದ ಲಿಂಗವ್ಯವಸ್ಥೆಯೇ ಬದಲಾಗಬಲ್ಲುದೆಂಬುದಕ್ಕೆ ಗಟ್ಟಿಯಾದ ಪೂರ್ವನಿದರ್ಶನವಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಬ್ದಕ್ಕೆ ಅಂಟಿಕೊಂಡ ಲಿಂಗವುಳ್ಳ ಮರಾಠಿ ಅಲ್ಲಿನ ಬಳಕೆಯಲ್ಲಿ ಕನ್ನಡದಂಥ ಅರ್ಥಾನುಸಾರಿ ಲಿಂಗವನ್ನು ತಾಳಿರುವುದು ದಾಖಲಾಗಿದೆ. ಅಲ್ಲಿ ಬದಲಾವಣೆ ಪೂರ್ಣಗೊಂಡು ವ್ಯಾಕರಣವಾಗಿ ನೆಲೆನಿಂತಿದೆ. ನಮ್ಮ ಗಮನಕ್ಕೆ ಬರಬೇಕಾದದ್ದು ಅದಕ್ಕಿಂತ ಮೊದಲಿನ ಹಂತ: ಅದೇ ವ್ಯಕ್ತಿ ಬೆಳಿಗ್ಗೆ ‘ಅವ್ಳು ಬಂತು’ ಎಂದು, ಮಧ್ಯಾಹ್ನ ‘ಅವ್ಳು ಬಂದ್ಳು’ ಎಂದು, ಕೋಪಬಂದಾಗ ‘ಅದು ಬಂತು’ ಎನ್ನುವ ಹಂತ. ಆ ಹಂತದಲ್ಲಿ ವ್ಯಾಕರಣ, ಶೈಲಿಗಳೆರಡೂ ಅದೇ ಪ್ರತ್ಯಯದ ಮೇಲೆ ಹಕ್ಕು ಹೂಡಿರುತ್ತವೆ.

ದ್ವಿಭಾಷಿಕ ಸಂಕಥನದ ಶೈಲಿಯನ್ನು ಕುರಿತ ಬಹುಪಾಲು ಅಧ್ಯಯನಗಳು ಸಂಕೇತ ಪಲ್ಲಟದ ಹಿಂದೆ ಹೋದವು. ಬ್ಲೊಮ್ ಮತ್ತು ಗಂಪರ್ಜ್ 1972ರಲ್ಲಿ ನಾರ್ವೆಯ ಊರೊಂದನ್ನು ಆಧರಿಸಿ, ಸನ್ನಿವೇಶ ಬದಲಾದಾಗ ಆಗುವ ಪಲ್ಲಟವನ್ನೂ ಸನ್ನಿವೇಶ ಬದಲಾಗದೆಯೇ ಅರ್ಥ ಸೇರಿಸಲು ಆಗುವ ರೂಪಕಾತ್ಮಕ ಪಲ್ಲಟವನ್ನೂ ಬೇರ್ಪಡಿಸಿದ ಮೇಲೆ ಇದು ಸಹಜವೇ ಆಗಿತ್ತು. ಆದರೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಾಗಲಿ ಕೋಲಾರದ ಟೊಮ್ಯಾಟೊ ಮಾರುಕಟ್ಟೆಯಲ್ಲಾಗಲಿ ಕನ್ನಡದಿಂದ ತೆಲುಗಿಗೆ ಜಾರುವುದು ಯಾರ ಕಿವಿಯನ್ನೂ ನಿಮಿರಿಸುವುದಿಲ್ಲ. ಪಲ್ಲಟವೇ ನಿರೀಕ್ಷಿತವಾದ ಕಡೆ ಪಲ್ಲಟಕ್ಕೆ ಶೈಲಿಯ ಬಲ ಕಡಿಮೆ. ಆ ಬಲ ಇನ್ನೂ ಸಣ್ಣ ಘಟಕಗಳಿಗೆ, ಪ್ರತ್ಯಯಗಳಿಗೆ, ಇಳಿಯುತ್ತದೆ. (ಭಾಷಾಮಿಶ್ರಣದ ಬಗ್ಗೆ ನಮ್ಮ ಪ್ರಾಚೀನ ಲಾಕ್ಷಣಿಕರ ಎಚ್ಚರವೂ ಪದಗಳ ಮಟ್ಟದ್ದೇ. ‘ಕವಿರಾಜಮಾರ್ಗ’ ಮತ್ತು ಕೇಶಿರಾಜರು ಅರಿಸಮಾಸವನ್ನು ಚರ್ಚಿಸುತ್ತಾರೆ; ಅನ್ವಯ ಬೆರೆತುಹೋಗುವ ಸಾಧ್ಯತೆ ಅವರ ಚರ್ಚೆಯ ವಸ್ತುವಾಗಲಿಲ್ಲ.)

6. ಬರಹಕ್ಕೆ ಇಳಿದಾಗ

ಇದೆಲ್ಲ ಆಡುಮಾತಿನ ಸೂಕ್ಷ್ಮವೆಂದು ಬಿಟ್ಟುಬಿಡಬಹುದಿತ್ತು, ಆಡುಮಾತು ದಾಖಲೆಯಾಗದೆ ಉಳಿಯುವುದಾದರೆ. ಕನ್ನಡ ಪತ್ರಿಕೆಗಳಲ್ಲಿ ಬಂಧಿತನಾದವನು ‘ಪರಾರಿಯಾಗಿದ್ದ’, ಶಾಸಕರು ‘ತೆರಳಿದ್ದರು’. ಅಪರಾಧ ಸಾಬೀತಾಗುವುದಕ್ಕೆ ಮೊದಲೇ ಪ್ರತ್ಯಯ ಒಂದು ತೀರ್ಪು ಕೊಟ್ಟಿರುತ್ತದೆ. ಆದರೆ ಇಲ್ಲಿ ಕನಿಷ್ಠಪಕ್ಷ ಬರೆಯುವವರಿಗೂ ಓದುವವರಿಗೂ ವ್ಯಾಕರಣ ಒಂದೇ.

ನ್ಯಾಯಾಲಯದಲ್ಲಿ ಹಾಗಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಪ್ರಕರಣ ಸಾಕ್ಷ್ಯದ ಭಾಷೆಯನ್ನು ಕುರಿತದ್ದು. ಸಾಕ್ಷಿ ನ್ಯಾಯಾಲಯದ ಭಾಷೆಯಲ್ಲಿ ನುಡಿದರೆ ಆ ಭಾಷೆಯಲ್ಲಿಯೇ ಬರೆದುಕೊಳ್ಳಬೇಕು. ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಾದಲ್ಲಿ ಆ ಭಾಷೆಯಲ್ಲಿಯೇ ದಾಖಲಿಸಬಹುದು, ಇಲ್ಲವಾದರೆ ನಿಜವಾದ ಅನುವಾದವನ್ನು ಸಿದ್ಧಪಡಿಸಬೇಕು ಎಂಬುದು ಅದರ ಸಾರ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 277ನೆಯ ಪ್ರಕರಣದ ಕಲ್ಪನೆಯಲ್ಲಿ ಭಾಷೆಗಳು ಒಂದಕ್ಕೊಂದು ತಾಗದ ಪೆಟ್ಟಿಗೆಗಳು: ಸಾಕ್ಷಿ ಒಂದೋ ಈ ಭಾಷೆಯಲ್ಲಿ ಮಾತನಾಡುತ್ತಾನೆ, ಇಲ್ಲವೇ ಆ ಭಾಷೆಯಲ್ಲಿ. ಕನ್ನಡ ಶಬ್ದಗಳನ್ನು ತೆಲುಗಿನ ಅನ್ವಯದಲ್ಲಿ ಕಟ್ಟಿದ ವಾಕ್ಯಕ್ಕೆ ಅನುವಾದದ ಅಗತ್ಯವಿದೆಯೆಂದು ಯಾರಿಗೂ ತೋಚುವುದಿಲ್ಲ, ಅದು ಕನ್ನಡವೇ ತಾನೆ. ಹೀಗೊಂದು ಹೇಳಿಕೆಯಿದೆಯೆಂದು ಊಹಿಸಿ:

(6) ಅವ್ಳು ಬಾಗ್ಲು ತೆಗೀತು. ಆಮೇಲೆ ಅದು ಕೂಗಾಡ್ತು.

ದಾಖಲೆಯ ಕನ್ನಡದಲ್ಲಿ ಇದು ‘ಆಕೆಯು ಬಾಗಿಲನ್ನು ತೆರೆದಳು, ಅನಂತರ ಆಕೆಯು ಕೂಗಾಡಿದಳು’ ಎಂದಾಗುವುದು ಬಹುಮಟ್ಟಿಗೆ ನಿಶ್ಚಿತ. ವಾಕ್ಯ ಶಿಷ್ಟವಾಯಿತು, ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಸಾಕ್ಷಿಯ ಮನೋಭಾವ ಬದಲಾದ ಗುರುತು ಅಳಿಸಿಹೋಯಿತು. ಸಾಕ್ಷಿಗೂ ಆ ಹೆಂಗಸಿಗೂ ವೈರವಿತ್ತೇ ಎಂಬ ಪ್ರಶ್ನೆ ಮುಂದೆ ಎದ್ದಾಗ ಉಪಯೋಗಕ್ಕೆ ಬರಬಹುದಾಗಿದ್ದ ಗುರುತು ಅದು. ಆಡಿದ್ದನ್ನು ಆಡಿದಂತೆಯೇ ಬರೆದುಕೊಂಡರೆ ಅಪಾಯ ತಿರುವುಮುರುವಾಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಅದನ್ನು ಓದುವವರಿಗೆ ‘ತೆಗೀತು’, ‘ಕೂಗಾಡ್ತು’ ಎರಡೂ ಒಂದೇ ಬಗೆಯ ತುಚ್ಛೀಕಾರವಾಗಿ ಕಾಣುತ್ತವೆ. ಮೊದಲನೆಯದರಲ್ಲಿ ಏನೂ ಇಲ್ಲ, ಎರಡನೆಯದರಲ್ಲಿ ಮಾತ್ರ ಇದೆ ಎಂಬ ಭೇದ ಅವರಿಗೆ ತಿಳಿಯುವುದಿಲ್ಲ.

ಉದ್ಧರಣೆಯೊಳಗೆ ಉದ್ಧರಣೆ ಬಂದಾಗ ಗೋಜಲು ಹೆಚ್ಚುತ್ತದೆ. ‘ಅದು ಕೂಗಾಡ್ತು ಅಂತ ಅಂದ’ ಎಂಬಲ್ಲಿ ನಪುಂಸಕ ಯಾರದು, ಅಂದವನದೋ ವರದಿ ಮಾಡುತ್ತಿರುವವನದೋ? ಕನ್ನಡದ ‘ಅಂತ’ ನೇರ, ಪರೋಕ್ಷ ಉಕ್ತಿಗಳೆರಡನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಡುತ್ತದೆ. ಒಂದೇ ಮಾತಿನಲ್ಲಿ ಇಬ್ಬರ ದನಿ ಬೆರೆಯುವುದನ್ನು ವೊಲೊಶಿನೊವ್ ಪರೋಕ್ತಿಯ ಚರ್ಚೆಯಲ್ಲಿ ವಿವರವಾಗಿ ತೋರಿಸಿದ್ದಾನೆ. ಇಲ್ಲಿ ದನಿಗಳು ಎರಡಲ್ಲದೆ ವ್ಯಾಕರಣಗಳೂ ಎರಡು.

(4), (5)ರ ಒರೆಗಲ್ಲಿಗೆ ಒಂದು ಮಿತಿಯಿದೆ. ಈ ಬಗೆಯ ಅಧ್ಯಯನಕ್ಕೆ ತೊಡಗುವ ಸಂಶೋಧನಾರ್ಥಿಗಳು ಮೊದಲ ದಿನವೇ ಅದನ್ನು ಎದುರಿಸುತ್ತಾರೆ. ಕನ್ನಡವೂ ತೆಲುಗೂ ಕರ್ತೃಪದವನ್ನು ಧಾರಾಳವಾಗಿ ಬಿಟ್ಟುಬಿಡುತ್ತವೆ. (2)ರಲ್ಲಾಗಲಿ (3)ರಲ್ಲಾಗಲಿ ಆಕೆಗೆ ಸರ್ವನಾಮವೇ ಇಲ್ಲ. ‘ಕುಡೀತು’, ‘ಹಾಕಿಸ್ಕೊಂತು’ ಎಂಬ ಬರಿಯ ಕ್ರಿಯಾಪದಗಳಿಂದ ಆಡುವವರ ಲೆಕ್ಕ ಯಾವುದೆಂದು ಹೇಳಲಾಗದು. ಆಗ ಕರ್ತೃಸ್ಥಾನವನ್ನು ಬಿಟ್ಟು, ಅನ್ವಯದ ಹಿಡಿತಕ್ಕೆ ಸಿಗದ ಕಡೆ ನೋಡಬೇಕು: ಅದೇ ವ್ಯಕ್ತಿಯನ್ನು ಕುರಿತ ಚತುರ್ಥಿ, ದ್ವಿತೀಯಾ ರೂಪಗಳನ್ನು. ಈ ರೂಪಗಳು ಕ್ರಿಯಾಪ್ರತ್ಯಯದ ಒತ್ತಾಯಕ್ಕೆ ಒಳಗಾಗುವುದಿಲ್ಲ. ತೆಲುಗಿನಲ್ಲಿಯೂ ಇಲ್ಲಿ ‘ಆಮೆಕಿ’ ಎನ್ನುವುದೋ ‘ದಾನಿಕಿ’ ಎನ್ನುವುದೋ ಎಂಬುದು ಆಡುವವರ ಇಚ್ಛೆಗೇ ಬಿಟ್ಟದ್ದು. ‘ಕಾಫಿ ಕುಡೀತು’ ಎಂದ ಅತ್ತೆ ಎರಡು ವಾಕ್ಯಗಳ ಆಚೆಗೆ ‘ಅವಳಿಗೆ ಇನ್ನೊಂದು ಲೋಟ ಕೊಟ್ಟೆ’ ಎಂದರೆ ಅವಳ ‘ಕುಡೀತು’ ತೆಲುಗಿನ ಅನ್ವಯವಾಗಿರುವ ಸಂಭವ ಹೆಚ್ಚು. ‘ಅದಕ್ಕೆ ಇನ್ನೊಂದು ಲೋಟ ಕೊಟ್ಟೆ’ ಎಂದಳಾದರೆ, ಆ ಮನೆಯಲ್ಲಿ ಅಂದು ಬೆಳಿಗ್ಗೆ ಏನು ನಡೆಯಿತೆಂದು ಕೇಳುವುದಕ್ಕೆ ಸಂಶೋಧಕರಿಗೆ ಕಾರಣವಿದೆ.